ಪೋಸ್ಟರ್ ಅಬ್‌ಸ್ಟ್ರಾಕ್ಟ್ ಕಳಿಸೋಕೆ ಒಂಬತ್ತು ದಿನ ಇದೆ, ಅರ್ಧ ರಿಸಲ್ಟ್ ಇನ್ನೂ ಕುಂಡದಲ್ಲೇ ಇದೆ. ಏನ್ ಬರೀಲಿ?

ಬೇರುಮಣ್ಣು
ಎಲ್ರಿಗೂ ನಮಸ್ಕಾರ. ನಂದು ಮೈಕ್ರೋಬಯಾಲಜಿ, ಪಿಎಚ್‌ಡಿ ಎರಡನೇ ವರ್ಷ. ಮೊದಲ್ನೇ ಸಲ ಒಂದು ದೊಡ್ಡ ಕಾನ್ಫರೆನ್ಸಿಗೆ ಪೋಸ್ಟರ್ ಅಬ್‌ಸ್ಟ್ರಾಕ್ಟ್ (ಕೆಲಸದ ಸಾರಾಂಶ) ಕಳಿಸ್ಬೇಕು, ಮಿತಿ 250 ಪದ. ಕೆಲಸ ಏನಂದ್ರೆ ಟೊಮೆಟೊ ಗಿಡದ ಬೇರಿನ ಸುತ್ತಲ ಮಣ್ಣಿಂದ 46 ಬ್ಯಾಕ್ಟೀರಿಯಾ ಐಸೊಲೇಟ್ (ಬೇರೆ ಮಾಡಿ ಬೆಳೆಸಿದ ಬ್ಯಾಕ್ಟೀರಿಯಾ) ತೆಗ್ದಿದೀನಿ, ಅವನ್ನ ಸೊರಗು ರೋಗ ತರೋ ಫ್ಯುಸೇರಿಯಂ ಶಿಲೀಂಧ್ರದ ಎದುರು ಪೆಟ್ರಿ ತಟ್ಟೆಯಲ್ಲಿ ಬೆಳೆಸಿ ನೋಡಿದೀನಿ, 9 ಐಸೊಲೇಟ್ ಶಿಲೀಂಧ್ರನ ತಡೀತು, ಅದ್ರಲ್ಲಿ 3 ತುಂಬಾ ಚೆನ್ನಾಗಿ ತಡೀತು. ಆ ಮೂರನ್ನ ಈಗ ಕುಂಡದಲ್ಲಿ ಗಿಡಕ್ಕೆ ಹಾಕಿ ನೋಡ್ತಾ ಇದೀನಿ, ಅದು ಮುಗಿಯೋಕೆ ಇನ್ನೂ ಐದು ವಾರ ಬೇಕು. ಆದ್ರೆ ಅಬ್‌ಸ್ಟ್ರಾಕ್ಟ್ ಕೊನೇ ದಿನ ಒಂಬತ್ತೇ ದಿನದಲ್ಲಿ.

ಗೈಡ್ ಹೇಳಿದ್ದು, ಕೊನೇಲಿ "ಕುಂಡ ಪ್ರಯೋಗದ ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು" ಅಂತ ಒಂದ್ ಸಾಲು ಸೇರ್ಸಿ ಕಳ್ಸು, ಎಲ್ರೂ ಹಾಗೇ ಬರೀತಾರೆ ಅಂತ. ನನಗೆ ಯಾಕೋ ಅದು ಸರಿ ಅನ್ನಿಸ್ತಿಲ್ಲ. ಈ ಸಾಲು ಹಾಕಿದ್ರೆ ಏನಾದ್ರೂ ತೊಂದ್ರೆ ಇದ್ಯಾ? ಅಥ್ವಾ ಕುಂಡದ್ದು ಮುಗೀಲಿ ಅಂತ ಮುಂದಿನ ವರ್ಷಕ್ಕೆ ಕಾಯ್ಲಾ? ನನ್ನ ಮೊದಲ ಡ್ರಾಫ್ಟಲ್ಲಿ ಒಟ್ಟು 11 ವಾಕ್ಯ ಇದೆ, ಎಣಿಸಿ ನೋಡಿದ್ರೆ 6 ವಾಕ್ಯ ಬರೀ ಹಿನ್ನೆಲೇನೇ ಆಗಿದೆ. ಅದೂ ಸರಿ ಇಲ್ವೇನೋ ಅನ್ಸ್ತಿದೆ.

ದಾರಿಹೋಕ
ನಾನೂ ಎರಡು ಸಲ ಆ ಸಾಲು ಹಾಕಿದ್ದೆ, ಎರಡು ಸಲಾನೂ ಪೋಸ್ಟರ್ ಸಿಕ್ತು. ಅಷ್ಟೊಂದು ತಲೆ ಕೆಡಿಸ್ಕೋಬೇಡಿ. ಪೋಸ್ಟರಿಗೆ ಜಾಸ್ತಿ ಜರಡಿ ಹಿಡಿಯಲ್ಲ, ಹೊರಗೆ ಹಾಕೋದು ಕಡಿಮೆ.

ಹಳೇಪಿಪೆಟ್
ದಾರಿಹೋಕ ಅವ್ರ ಮಾತನ್ನ ನಾನು ಒಪ್ಪಲ್ಲ, ಯಾಕೆ ಅಂತ ಸ್ವಲ್ಪ ಉದ್ದವಾಗೇ ಹೇಳ್ತೀನಿ. ನಾನು ಕೆಲವು ವರ್ಷದಿಂದ ಅಬ್‌ಸ್ಟ್ರಾಕ್ಟ್ ರಿವ್ಯೂ ಮಾಡ್ತಾ ಬಂದಿದೀನಿ. ಒಂದೊಂದ್ ಸಲಕ್ಕೆ ನಲವತ್ತು ಐವತ್ತು ಬರುತ್ತೆ, ನಮ್ಮ ಕೆಲಸ ಎಲ್ಲಾ ಮುಗ್ಸಿ ರಾತ್ರಿ ಕೂತು ಓದ್ತೀವಿ, ಒಂದಕ್ಕೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಸಿಗಲ್ಲ. ನಾವು ಅಂಕ ಹಾಕೋ ಹಾಳೇಲಿ ಇರೋದು ಏನಂದ್ರೆ ಪ್ರಶ್ನೆ ಸ್ಪಷ್ಟ ಇದ್ಯಾ, ವಿಧಾನ ಆ ಪ್ರಶ್ನೆಗೆ ಹೊಂದುತ್ತಾ, ಫಲಿತಾಂಶ ಕೊಟ್ಟಿದಾರಾ, ತೀರ್ಮಾನ ಆ ಫಲಿತಾಂಶದಿಂದ ಬಂದಿದ್ಯಾ. "ಚರ್ಚಿಸಲಾಗುವುದು" ಅನ್ನೋ ಸಾಲು ಕಂಡ ತಕ್ಷಣ ಮೂರನೇ ಮತ್ತೆ ನಾಲ್ಕನೇ ಕಾಲಂಗೆ ಹಾಕೋಕೆ ನನ್ನ ಕೈಲಿ ಏನೂ ಇರಲ್ಲ. ಕೆಲವು ಸಮ್ಮೇಳನದ ಸೂಚನೇಲೇ ಬರೆದಿರ್ತಾರೆ, ಇಂಥ ಸಾಲು ಇರೋ ಅಬ್‌ಸ್ಟ್ರಾಕ್ಟ್ ತಗೊಳಲ್ಲ ಅಂತ. ನೀವು ಕಳಿಸ್ತಿರೋ ಕಡೆಯ ಸೂಚನೇನ ಮೊದಲು ಪೂರ್ತಿ ಓದಿ.

ಆದ್ರೆ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ನಿಮ್ಮ ಹತ್ರ ಈಗ್ಲೇ ಒಂದು ಪೂರ್ತಿ ಕಥೆ ಇದೆ! 46 ನೋಡಿದ್ರಿ, 9 ತಡೀತು, 3 ಚೆನ್ನಾಗಿ ತಡೀತು. ಅದು ಅರ್ಧ ಕೆಲಸ ಅಲ್ಲ, ಅದು ಒಂದು ಪ್ರಶ್ನೆಗೆ ಸಿಕ್ಕ ಒಂದು ಉತ್ತರ. ಕುಂಡದ ಪ್ರಯೋಗ ಬೇರೆ ಪ್ರಶ್ನೆ. ಅಬ್‌ಸ್ಟ್ರಾಕ್ಟಲ್ಲಿ ಕುಂಡದ ಹೆಸರೇ ಎತ್ತಬೇಡಿ, ಕೈಯಲ್ಲಿ ಇರೋದನ್ನ ಸಂಖ್ಯೆ ಸಮೇತ ಹೇಳಿ. ಸಮ್ಮೇಳನದ ಹೊತ್ತಿಗೆ ಕುಂಡದ್ದು ಮುಗಿದಿದ್ರೆ ಪೋಸ್ಟರಲ್ಲಿ ಒಂದು ಮೂಲೇಲಿ ಹಾಕಿ, ಅದನ್ನ ಯಾರೂ ಬೇಡ ಅನ್ನಲ್ಲ, ಬಂದವರಿಗೆ ಖುಷೀನೇ ಆಗುತ್ತೆ.

ಬೇರುಮಣ್ಣು
ಸರ್, ತುಂಬಾ ಥ್ಯಾಂಕ್ಸ್. ಬರೀ ತಟ್ಟೆ ಡೇಟಾ ಅಂದ್ರೆ ತೀರಾ ಕಮ್ಮಿ ಅನ್ನಿಸಲ್ವಾ? ಇಂಥ ಕೆಲಸ ಬೇಕಾದಷ್ಟು ಜನ ಮಾಡಿದಾರೆ ಅಂತ ರಿವ್ಯೂ ಮಾಡೋರು ಅನ್ನಲ್ವಾ?

ಹಳೇಪಿಪೆಟ್
ಅನ್ನಬಹುದು. ಅದಕ್ಕೇ ಹಿನ್ನೆಲೆಯ ಆರು ವಾಕ್ಯದ ಬದಲು ಎರಡೇ ವಾಕ್ಯ ಇರ್ಬೇಕು, ಆ ಎರಡನೇ ವಾಕ್ಯದಲ್ಲಿ "ಇಷ್ಟು ಗೊತ್ತಿದೆ, ಇದು ಮಾತ್ರ ಗೊತ್ತಿಲ್ಲ" ಅಂತ ಇರ್ಬೇಕು. ನಿಮ್ಮ ಕೆಲಸದಲ್ಲಿ ಬೇರೆಯವ್ರು ಮಾಡದೇ ಇದ್ದಿದ್ದು ಏನು? ಅದನ್ನ ಹೇಳಿ, ಆಮೇಲೆ ನೋಡೋಣ.

ಬೇರುಮಣ್ಣು
ನಾವು ಮಣ್ಣು ತಗೊಂಡಿದ್ದು ಸೊರಗು ರೋಗ ಬಂದ ಸಾಲಲ್ಲೇ ಆರೋಗ್ಯವಾಗಿ ಉಳಿದಿದ್ದ ಗಿಡದ ಬುಡದಿಂದ. ಪಕ್ಕದ ಗಿಡ ಒಣಗಿ ಹೋಗಿದೆ, ಇದು ಹಸಿರಾಗಿ ನಿಂತಿದೆ, ಯಾಕೆ ಅಂತ. ಸೊರಗಿದ ಗಿಡದ ಬುಡದಿಂದಾನೂ ಹೋಲಿಕೆಗೆ ಅಂತ ತಗೊಂಡಿದ್ವಿ. 46ರಲ್ಲಿ 24 ಆರೋಗ್ಯದ ಗಿಡದ್ದು, 22 ಸೊರಗಿದ ಗಿಡದ್ದು. ತಡೆದ 9ರಲ್ಲಿ 8 ಆರೋಗ್ಯದ ಗಿಡದಿಂದಾನೇ ಬಂದಿರೋದು.

ಹಳೇಪಿಪೆಟ್
ಇದು ನಿಮ್ಮ ಮೊದಲ ಪೋಸ್ಟಲ್ಲೂ ಇಲ್ಲ, ಡ್ರಾಫ್ಟಲ್ಲೂ ಇರಲ್ಲ ಅಂತ ಕಾಣುತ್ತೆ. ಇದೇ ನಿಮ್ಮ ಅಬ್‌ಸ್ಟ್ರಾಕ್ಟು. 24ರಲ್ಲಿ 8, 22ರಲ್ಲಿ 1. ಈ ಎರಡು ಸಂಖ್ಯೆಗೋಸ್ಕರಾನೇ ನಾನು ನಿಮ್ಮ ಪೋಸ್ಟರ್ ಮುಂದೆ ಬಂದು ನಿಲ್ತೀನಿ.

ಅಂಕಿಜೋಳಿಗೆ
ಅಂಕಿಅಂಶದ ಕಡೆಯಿಂದ ಒಂದೆರಡು ಮಾತು. 24ರಲ್ಲಿ 8, 22ರಲ್ಲಿ 1 ಅನ್ನೋದಕ್ಕೆ ಫಿಶರ್ ಎಕ್ಸಾಕ್ಟ್ ಟೆಸ್ಟ್ (ಈ ವ್ಯತ್ಯಾಸ ಬರೀ ಆಕಸ್ಮಿಕಾನಾ ಅಂತ ನೋಡೋ ಲೆಕ್ಕ) ಹಾಕಿ, ಸಣ್ಣ ಸಂಖ್ಯೆ ಇರೋ ಕಡೆ ಕೈ-ಸ್ಕ್ವೇರ್ ಟೆಸ್ಟ್ ಅಷ್ಟು ನಂಬಿಕೆಗೆ ಬರಲ್ಲ. ಆದ್ರೆ ಟೆಸ್ಟಿಗೆ ಮುಂಚೆ ಒಂದು ಪ್ರಶ್ನೆ: ಈ 24 ಐಸೊಲೇಟ್ ಎಷ್ಟು ಗಿಡದಿಂದ ಬಂತು? ಎರಡೇ ಗಿಡದಿಂದ 24 ತೆಗೆದಿದ್ರೆ ಅವು ಒಂದಕ್ಕೊಂದು ಸ್ವತಂತ್ರ ಅಲ್ಲ, ಒಂದೇ ತಳಿ ಎಂಟು ಸಲ ಸಿಕ್ಕಿರಬಹುದು.

ಇನ್ನೊಂದು, ತಡೆದ ಶೇಕಡಾವಾರು ಅಂತ ಕೊಡ್ತೀರಲ್ಲ, ಅದು ಎಷ್ಟು ತಟ್ಟೆ, ಎಷ್ಟು ಸಲ? ಒಂದೇ ದಿನ ಒಂದೇ ಕಲ್ಚರಿಂದ ಮೂರು ತಟ್ಟೆ ಹಾಕಿ ಎನ್ (ಪ್ರಯೋಗದ ಸಂಖ್ಯೆ) ಅಂದ್ರೆ 3 ಅಂತ ಬರೆಯೋದು ತುಂಬಾ ಕಡೆ ನೋಡಿದೀನಿ, ಅದು ಸರಿಯಲ್ಲ. ಮೂರು ತಟ್ಟೆ ಒಂದೇ ಪ್ರಯೋಗದ ಮೂರು ಅಳತೆ ಅಷ್ಟೇ. ಬೇರೆ ದಿನ, ಬೇರೆ ಕಲ್ಚರ್ ಹಚ್ಚಿ ಮತ್ತೆ ಮಾಡಿದ್ರೆ ಅದು ಎರಡನೇ ಪ್ರಯೋಗ.

ಬೇರುಮಣ್ಣು
ಆರೋಗ್ಯದ ಗಿಡ 6, ಸೊರಗಿದ ಗಿಡ 6, ಒಂದೊಂದ್ರಿಂದ ಮೂರರಿಂದ ಐದು ಐಸೊಲೇಟ್. ತಡೆದ 8 ಬಂದಿರೋದು 5 ಬೇರೆ ಬೇರೆ ಗಿಡದಿಂದ. ತಟ್ಟೆ ಪ್ರಯೋಗ ಎರಡು ಸಲ ಬೇರೆ ಬೇರೆ ವಾರ ಮಾಡಿದೀನಿ, ಒಂದೊಂದ್ ಸಲ ಮೂರು ತಟ್ಟೆ. ಮೂರು ಒಳ್ಳೇ ಐಸೊಲೇಟ್‌ದು ಸರಾಸರಿ ತಡೆ ಶೇ 67.83, 64.17, 60.92 ಬಂದಿದೆ.

ಅಂಕಿಜೋಳಿಗೆ
ಹಾಗಾದ್ರೆ ಚೆನ್ನಾಗಿದೆ. "6 ಗಿಡದಲ್ಲಿ 5ರಿಂದ" ಅನ್ನೋದನ್ನ ಅಬ್‌ಸ್ಟ್ರಾಕ್ಟಲ್ಲೇ ಹಾಕಿ, ಓದೋರ ಅನುಮಾನ ಅಲ್ಲೇ ತೀರುತ್ತೆ. ಐಸೊಲೇಟ್ ಲೆಕ್ಕದ ಪಿ ವ್ಯಾಲ್ಯೂನ (ಆ ಟೆಸ್ಟಲ್ಲಿ ಬರೋ ಸಂಖ್ಯೆ) ದೊಡ್ಡದಾಗಿ ತೋರಿಸ್ಬೇಡಿ, ಗಿಡದ ಲೆಕ್ಕದಲ್ಲಿ 6ಕ್ಕೆ 5, 6ಕ್ಕೆ 1 ಅಂತ ನೇರವಾಗಿ ಹೇಳಿದ್ರೆ ಅದೇ ಗಟ್ಟಿ ಮಾತು. ಮತ್ತೆ 67.83 ಅಂತ ಬರೀಬೇಡಿ, ಸ್ಕೇಲ್ ಇಟ್ಟು ಮಿಲಿಮೀಟರಲ್ಲಿ ಅಳೆದಿರೋ ಕಾಲೊನಿಗೆ ಎರಡು ದಶಮಾಂಶದ ನಿಖರತೆ ಎಲ್ಲಿಂದ ಬರುತ್ತೆ? 68, 64, 61 ಅಂತ ಬರೀರಿ. ± ಚಿಹ್ನೆ ಹಾಕಿದ್ರೆ ಅದು ಎಸ್‌ಡಿನಾ (ಸ್ಟ್ಯಾಂಡರ್ಡ್ ಡೀವಿಯೇಶನ್), ಎಸ್‌ಇಎಂನಾ (ಸ್ಟ್ಯಾಂಡರ್ಡ್ ಎರರ್ ಆಫ್ ದ ಮೀನ್) ಅಂತ ಒಂದು ಪದ ಸೇರಿಸಿ. ಎಸ್‌ಡಿ ಅಂದ್ರೆ ಅಳತೆ ಎಷ್ಟು ಚದುರಿದೆ ಅನ್ನೋದು, ಎಸ್‌ಇಎಂ ಅಂದ್ರೆ ಸರಾಸರಿ ಎಷ್ಟು ನಿಖರ ಅನ್ನೋ ಅಂದಾಜು. ಎಸ್‌ಇಎಂ ಯಾವಾಗ್ಲೂ ಚಿಕ್ಕದಾಗಿ ಕಾಣುತ್ತೆ ಅಂತ ಜನ ಅದನ್ನೇ ಹಾಕಿ ಸುಮ್ನಾಗ್ತಾರೆ, ಓದೋರಿಗೆ ಮೋಸ ಆಗುತ್ತೆ.

ವಾರ್ಡುರೌಂಡು
ನಾನು ಕ್ಲಿನಿಕಲ್ ಕಡೆಯವಳು. ನಮ್ಮಲ್ಲಿ ಇದಕ್ಕೆ ಒಂದು ಚೌಕಟ್ಟೇ ಇದೆ. ರಾಂಡಮೈಸ್ಡ್ ಟ್ರಯಲ್ (ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಗುಂಪಿಗೆ ಹಾಕೋ ಪ್ರಯೋಗ) ಆದ್ರೆ 2008ರಲ್ಲಿ ಮೊದಲು ಬಂದ ಕನ್ಸಾರ್ಟ್ ಫಾರ್ ಅಬ್‌ಸ್ಟ್ರಾಕ್ಟ್ಸ್ ಅಂತ ಪಟ್ಟಿ, ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಎಲ್ಲಾ ಅಧ್ಯಯನ ಒಟ್ಟುಗೂಡಿಸಿ ನೋಡೋದು) ಆದ್ರೆ 2013ರಲ್ಲಿ ಮೊದಲು ಬಂದ ಪ್ರಿಸ್ಮಾ ಫಾರ್ ಅಬ್‌ಸ್ಟ್ರಾಕ್ಟ್ಸ್. ಎಷ್ಟು ಜನನ ಯಾವ ಗುಂಪಿಗೆ ಹಾಕಿದ್ರಿ, ಮುಖ್ಯ ಔಟ್‌ಕಮ್ ಯಾವುದು, ಅಡ್ಡಪರಿಣಾಮ ಏನಾಯ್ತು, ಟ್ರಯಲ್ ನೋಂದಣಿ ಸಂಖ್ಯೆ ಏನು, ಎಲ್ಲಾ ಆ ಪುಟ್ಟ ಜಾಗದಲ್ಲೇ ಹೇಳ್ಬೇಕು. ಬೇರುಮಣ್ಣು ಅವ್ರಿಗೆ ಇದು ನೇರ ಬೇಕಾಗಲ್ಲ, ಆದ್ರೆ ಇದನ್ನ ಓದ್ತಿರೋ ಬೇರೆಯವ್ರಿಗೆ ಉಪಯೋಗ ಆಗ್ಲಿ ಅಂತ ಹೇಳ್ದೆ.

ನನಗೆ ಈ ವಿಷಯ ಯಾಕೆ ಇಷ್ಟು ಮುಖ್ಯ ಅಂದ್ರೆ, ಕಾಕ್ರೇನ್ ಅನ್ನೋ ಸಂಸ್ಥೆಯ 2018ರ ಇಂಥ ರಿವ್ಯೂ ಒಂದಿದೆ, ಸಮ್ಮೇಳನದಲ್ಲಿ ಬಂದ ಮೂರು ಲಕ್ಷಕ್ಕೂ ಹೆಚ್ಚು ಅಬ್‌ಸ್ಟ್ರಾಕ್ಟ್ ಮುಂದೆ ಏನಾಯ್ತು ಅಂತ ನೋಡಿದ್ದು. ಪೂರ್ತಿ ಪೇಪರ್ ಆಗಿ ಪ್ರಕಟ ಆಗಿದ್ದು ನೂರಕ್ಕೆ 37ರಷ್ಟು ಮಾತ್ರ. ಅಂದ್ರೆ ಉಳಿದ ಬಹುಪಾಲು ಕೆಲಸಕ್ಕೆ ಆ 250 ಪದಾನೇ ಜಗತ್ತಲ್ಲಿ ಉಳಿಯೋ ಒಂದೇ ದಾಖಲೆ. ಹತ್ತು ವರ್ಷ ಆದ್ಮೇಲೆ ಯಾರೋ ಒಬ್ರು ಅದೇ ಪ್ರಶ್ನೆ ಹಿಡ್ಕೊಂಡು ಹುಡುಕ್ತಾ ಬಂದಾಗ ಅಲ್ಲಿ "ಫಲಿತಾಂಶ ಚರ್ಚಿಸಲಾಗುವುದು" ಅಂತ ಇದ್ರೆ ಅವ್ರಿಗೆ ಏನೂ ಸಿಗಲ್ಲ. ನಾನು ಒಂದು ರಿವ್ಯೂ ಮಾಡುವಾಗ ಹೀಗೇ ಮೂರು ಅಬ್‌ಸ್ಟ್ರಾಕ್ಟ್ ಸಿಕ್ಕಿತ್ತು, ಮೂರಕ್ಕೂ ಪೇಪರ್ ಇಲ್ಲ, ಬರೆದವರ ಮೇಲ್ ವಿಳಾಸ ಸತ್ತು ಹೋಗಿದೆ, ಅಷ್ಟು ರೋಗಿಗಳು ಕೊಟ್ಟ ಸಮಯ ಎಲ್ಲಾ ಎಲ್ಲಿ ಹೋಯ್ತೋ. ಆ ದಿನ ತುಂಬಾ ಬೇಜಾರಾಯ್ತು.

ದಾರಿಹೋಕ
ವಾರ್ಡುರೌಂಡು ಮೇಡಂ, ಈ ಕೋನದಿಂದ ನಾನು ಯೋಚನೇನೇ ಮಾಡಿರ್ಲಿಲ್ಲ. ನನ್ನ ಆ ಎರಡೂ ಅಬ್‌ಸ್ಟ್ರಾಕ್ಟಲ್ಲಿ ಒಂದು ಪೇಪರ್ ಆಯ್ತು, ಇನ್ನೊಂದು ಆಗ್ಲೇ ಇಲ್ಲ. ನನ್ನ ಮಾತು ವಾಪಸ್ ತಗೋತೀನಿ.

ಕಡತಗಣ್ಣು
ಬೇರುಮಣ್ಣು, ಒಂದು ವಿಷಯ ಯಾರೂ ಹೇಳಿಲ್ಲ. ಈ ಮೂರು ತಳೀನ ಮುಂದೆ ಪೇಟೆಂಟ್ ಮಾಡೋ ಯೋಚನೆ ನಿಮ್ಮ ಗೈಡಿಗೆ ಇದ್ಯಾ? ಇದ್ರೆ ಅಬ್‌ಸ್ಟ್ರಾಕ್ಟ್ ಕಳಿಸೋಕೆ ಮುಂಚೆ ಮಾತಾಡಿ, ಕಳಿಸಿದ ಮೇಲೆ ಅಲ್ಲ. ಅಬ್‌ಸ್ಟ್ರಾಕ್ಟ್ ಪುಸ್ತಕ ತುಂಬಾ ಸಲ ಸಮ್ಮೇಳನಕ್ಕೆ ಕೆಲವು ವಾರ ಮುಂಚೇನೇ ಆನ್‌ಲೈನ್ ಬರುತ್ತೆ, ಬಂದ ದಿನಾನೇ ಅದು ಸಾರ್ವಜನಿಕ ಆದ ಹಾಗೆ. ಅಮೆರಿಕದಲ್ಲಿ ಬಹಿರಂಗ ಆದ್ಮೇಲೂ ಅರ್ಜಿ ಹಾಕೋಕೆ ಒಂದು ವರ್ಷ ಗ್ರೇಸ್ ಇದೆ, ಯುರೋಪಿಯನ್ ಪೇಟೆಂಟಲ್ಲಿ ಅಂಥ ಸಡಿಲಿಕೆ ಇಲ್ಲ, ನೀವೇ ಬಹಿರಂಗ ಮಾಡಿದ್ದೂ ನಿಮ್ಮ ವಿರುದ್ಧಾನೇ ನಿಲ್ಲುತ್ತೆ. ಪೋಸ್ಟರನ್ನ ಜನ ಫೋಟೊ ತೆಗಿತಾರೆ ಅನ್ನೋದೂ ನೆನಪಿರ್ಲಿ.

ಬೇರುಮಣ್ಣು
ಅಯ್ಯೋ ಇದು ಗೊತ್ತೇ ಇರ್ಲಿಲ್ಲ. ನಾಳೆನೇ ಕೇಳ್ತೀನಿ. ಇದೇ ಥರ ಇನ್ನೊಂದು ಭಯ ಇತ್ತು, ಅಬ್‌ಸ್ಟ್ರಾಕ್ಟ್ ಪ್ರಕಟ ಆದ್ರೆ ಆಮೇಲೆ ಜರ್ನಲ್ ಇದೇ ಕೆಲಸಾನ ತಗೊಳಲ್ವಾ?

ವಾರ್ಡುರೌಂಡು
ತಗೋತಾರೆ. ವೈದ್ಯಕೀಯ ಜರ್ನಲ್ ಸಂಪಾದಕರ ಐಸಿಎಂಜೆಇ ಶಿಫಾರಸಲ್ಲೇ ಇದೆ, ಸಮ್ಮೇಳನದ ಅಬ್‌ಸ್ಟ್ರಾಕ್ಟ್ ಅಥ್ವಾ ಪೋಸ್ಟರ್ ಇದ್ದ ಮಾತ್ರಕ್ಕೆ ಅದು ಮೊದಲೇ ಪ್ರಕಟ ಆಗಿದೆ ಅಂತ ಲೆಕ್ಕ ಹಿಡಿಯಲ್ಲ ಅಂತ. ಪೇಪರ್ ಕಳಿಸುವಾಗ ಕವರ್ ಲೆಟರಲ್ಲಿ ಇಂಥ ಕಡೆ ಪೋಸ್ಟರ್ ಆಗಿತ್ತು ಅಂತ ತಿಳಿಸಿದ್ರೆ ಸಾಕು.

ಬೇರುಮಣ್ಣು
ಸರಿ ಮೇಡಂ. ಈಗ ಹೆಸರಿನ ವಿಷಯ. ಮಣ್ಣು ತಂದಿದ್ದು, ಐಸೊಲೇಟ್ ತೆಗೆಯೋ ಕೆಲಸ ಅರ್ಧ ಮಾಡಿದ್ದು ನನ್ನ ಸೀನಿಯರ್ ಅಕ್ಕ, ಅವ್ರು ಈಗ ಲ್ಯಾಬ್ ಬಿಟ್ಟು ಬೇರೆ ಕಡೆ ಇದಾರೆ. ಗೈಡ್ ಕೊಟ್ಟ ಹೆಸರಿನ ಪಟ್ಟೀಲಿ ಅವ್ರ ಹೆಸರಿಲ್ಲ, ಮರೆತಿರಬಹುದು. ಪೋಸ್ಟರಿಗೆ ಅಷ್ಟೆಲ್ಲಾ ಬೇಕಾ ಅಂತ ಪಕ್ಕದ ಲ್ಯಾಬಿನವ್ರು ಕೇಳಿದ್ರು. ನನಗೆ ಗೈಡ್ ಹತ್ರ ಹೇಗೆ ಕೇಳೋದು ಅಂತ ಅಳುಕು.

ಹಳೇಪಿಪೆಟ್
ಬೇಕು, ಖಂಡಿತ ಬೇಕು. ಆ ಅಕ್ಕ ತೋಟಕ್ಕೆ ಹೋಗಿ ಬೇರು ಕಿತ್ತು ಮಣ್ಣು ತರ್ದೇ ಇದ್ದಿದ್ರೆ ನಿಮ್ಮ 46 ಎಲ್ಲಿಂದ ಬರ್ತಿತ್ತು? ಐಸಿಎಂಜೆಇ ನಾಲ್ಕು ಷರತ್ತು ಹೇಳುತ್ತೆ, ಕೆಲಸದಲ್ಲಿ ಗಣನೀಯ ಪಾಲು, ಬರವಣಿಗೇಲಿ ಅಥ್ವಾ ತಿದ್ದೋದ್ರಲ್ಲಿ ಪಾಲು, ಕೊನೇ ರೂಪಕ್ಕೆ ಒಪ್ಪಿಗೆ, ಕೆಲಸದ ಹೊಣೆ ಹೊರೋದು. ಮೊದಲನೇದನ್ನ ಅವ್ರು ಮಾಡಿ ಆಗಿದೆ, ಉಳಿದ ಮೂರಕ್ಕೆ ಅವಕಾಶ ಕೊಡ್ಬೇಕಾದೋರು ನೀವು, ಡ್ರಾಫ್ಟ್ ಕಳ್ಸಿ ಓದಿಸೋ ಮೂಲಕ. ಗೈಡ್ ಹತ್ರ ದೂರು ಥರ ಹೇಳ್ಬೇಡಿ, "ಸರ್, ಅಕ್ಕನ ಹೆಸರು ಎರಡನೇದಾಗಿ ಸೇರಿಸಿ ಡ್ರಾಫ್ಟ್ ಕಳಿಸ್ಲಾ, ಮಣ್ಣು ಸಂಗ್ರಹ ಅವ್ರೇ ಮಾಡಿದ್ದು" ಅಂತ ಒಂದು ಸಾಲು ಕೇಳಿ. ಸುಮಾರು ಗೈಡ್‌ಗಳು ಹೌದಲ್ವಾ ಅಂತಾನೇ ಅಂತಾರೆ. ಈಗ ಬಿಟ್ಟುಹೋದ ಹೆಸರನ್ನ ಆಮೇಲೆ ಸೇರಿಸೋದು ಕಷ್ಟ, ಪೋರ್ಟಲ್ ಮುಚ್ಚಿದ್ಮೇಲೆ ಬಹಳ ಕಡೆ ಹೆಸರು ಬದಲಾಯಿಸೋಕೆ ಬಿಡಲ್ಲ.

ಮತ್ತೆ ಹೆಸರಿರೋ ಪ್ರತಿಯೊಬ್ರೂ ಕಳಿಸೋ ಮುಂಚೆ ಅಬ್‌ಸ್ಟ್ರಾಕ್ಟ್ ಓದಿರ್ಲೇಬೇಕು. ನೀವು "ಎಲ್ಲಾ ಲೇಖಕರೂ ಒಪ್ಪಿದಾರೆ" ಅನ್ನೋ ಪೆಟ್ಟಿಗೆಗೆ ಟಿಕ್ ಹಾಕ್ತೀರ, ಅದು ನಿಮ್ಮ ಸಹಿ ಇದ್ದ ಹಾಗೆ. "ಬುಧವಾರ ಸಂಜೆ ಒಳಗೆ ತಿದ್ದುಪಡಿ ತಿಳಿಸಿ" ಅಂತ ದಿನ ಹಾಕಿ ಮೇಲ್ ಮಾಡಿ, ಸುಮ್ನೆ "ನೋಡಿ ಹೇಳಿ" ಅಂದ್ರೆ ಯಾರೂ ನೋಡಲ್ಲ.

ಸಾಲುದೀಪ
ನಾನು ಬೇರೆ ಲ್ಯಾಬಲ್ಲಿ ಹೋದ್ ವರ್ಷ ಇದೇ ಹಂತ ದಾಟಿದೋಳು, ಪೋರ್ಟಲ್ ಬಗ್ಗೆ ಹೇಳ್ತೀನಿ ಯಾಕಂದ್ರೆ ನನಗೆ ಅಲ್ಲೇ ಏಟು ಬಿದ್ದಿದ್ದು. ಅಬ್‌ಸ್ಟ್ರಾಕ್ಟ್ ಬರೆದು, ಎಲ್ಲಾ ತುಂಬಿ, ಸೇವ್ ಒತ್ತಿ ಮಲಗಿಬಿಟ್ಟೆ. ಸಬ್ಮಿಟ್ ಅನ್ನೋದು ಅದರ ಮುಂದಿನ ಪುಟದಲ್ಲಿತ್ತು! ಬೆಳಿಗ್ಗೆ ಎದ್ದು ನೋಡಿದ್ರೆ ಪೋರ್ಟಲ್ ಮುಚ್ಚಿದೆ, ನನ್ನದು "ಡ್ರಾಫ್ಟ್" ಅಂತಾನೇ ಉಳ್ಕೊಂಡಿದೆ. ಮೇಲ್ ಮಾಡಿದ್ರೂ ಏನೂ ಆಗ್ಲಿಲ್ಲ, ಒಂದು ವರ್ಷ ಹೋಯ್ತು. ಅದಕ್ಕೇ ಹೇಳ್ತೀನಿ, ಸಂಖ್ಯೆ ಇರೋ ದೃಢೀಕರಣದ ಮೇಲ್ ಕೈಗೆ ಸಿಗೋವರೆಗೂ ಕಳ್ಸಿದೀನಿ ಅಂತ ಅಂದ್ಕೋಬೇಡಿ.

ಇವತ್ತೇ ಪೋರ್ಟಲಲ್ಲಿ ಅಕೌಂಟ್ ತೆರೆದು ಎಲ್ಲಾ ಪುಟ ಒಂದ್ ಸಲ ನೋಡ್ಬಿಡಿ. ಅಲ್ಲಿ ಏನೇನೋ ಕೇಳ್ತಾರೆ, ಎಲ್ಲಾ ಸಹಲೇಖಕರ ಮೇಲ್ ವಿಳಾಸ, ಸಂಸ್ಥೆ ಹೆಸರು, ಕೆಲವು ಕಡೆ ಆರ್ಕಿಡ್ (ORCID) ಅನ್ನೋ ಸಂಶೋಧಕರ ಗುರುತಿನ ಸಂಖ್ಯೆ, ಹಣ ಕೊಟ್ಟವರ ವಿವರ, ಹಿತಾಸಕ್ತಿ ಘೋಷಣೆ, ಕೀವರ್ಡ್. ಇವನ್ನೆಲ್ಲಾ ಕೊನೇ ರಾತ್ರಿ ಹುಡುಕೋಕೆ ಆಗಲ್ಲ. ಕೊನೇ ದಿನದ ಸಮಯ ಯಾವ ದೇಶದ್ದು ನೋಡಿ, ಎಒಇ (ಎನಿವೇರ್ ಆನ್ ಅರ್ಥ್) ಅಂತ ಬರೆದಿದ್ರೆ ಅದು ಯುಟಿಸಿಗಿಂತ 12 ಗಂಟೆ ಹಿಂದೆ, ಅಂದ್ರೆ ಭೂಮಿ ಮೇಲೆ ಎಲ್ಲಾದ್ರೂ ಆ ತಾರೀಕು ಇನ್ನೂ ಉಳಿದಿದ್ರೆ ಸಮಯ ಇದೆ ಅಂತ ಅರ್ಥ. ಬೇರೆ ಟೈಮ್‌ಝೋನ್ ಇದ್ರೆ ನಿಮ್ಮ ಗಡಿಯಾರಕ್ಕೆ ಪರಿವರ್ತಿಸಿ ಕ್ಯಾಲೆಂಡರಲ್ಲಿ ಬರೆದಿಡಿ.

ಇನ್ನೊಂದು, ವರ್ಡ್ ಫೈಲಿಂದ ಕಾಪಿ ಮಾಡಿ ಅಂಟಿಸಿದ್ರೆ ಡಿಗ್ರಿ ಚಿಹ್ನೆ, ಮೈಕ್ರೋ ಚಿಹ್ನೆ, ± ಇವೆಲ್ಲಾ ಕೆಲವು ಸಲ ಪ್ರಶ್ನಾರ್ಥಕ ಚಿಹ್ನೆ ಆಗ್ಬಿಡುತ್ತೆ. 10ರ ಮೇಲೆ 8 ಘಾತ ಅಂತ ಮೇಲೆತ್ತಿ ಬರೆದಿದ್ದು ಸೀದಾ 108 ಆಗುತ್ತೆ, ಹತ್ತು ಕೋಟಿ ಕೋಶ ಹಾಕಿದ್ದು ನೂರೆಂಟು ಕೋಶ ಅಂತ ಓದ್ಕೋತಾರೆ. ಪ್ರಿವ್ಯೂ ಪುಟಾನ ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಜೀವಿಗಳ ವೈಜ್ಞಾನಿಕ ಹೆಸರು ಓರೆ ಅಕ್ಷರದಲ್ಲಿ ಉಳಿದಿದ್ಯಾ ನೋಡಿ.

ಬೇರುಮಣ್ಣು
ಸಾಲುದೀಪ ಅಕ್ಕ, ಈಗ ಪೋರ್ಟಲ್ ತೆಗೆದು ನೋಡ್ದೆ. ಒಳಗೆ ಬೇರೇನೇ ಇದೆ! ಹೊರಗಡೆ 250 ಪದ ಅಂತ ಇತ್ತು, ಒಳಗೆ ಪೆಟ್ಟಿಗೆ ಹತ್ರ ಅಕ್ಷರದ ಮಿತಿ ಹಾಕಿದಾರೆ, ಸ್ಪೇಸ್ ಕೂಡ ಲೆಕ್ಕಕ್ಕೆ ತಗೊಳುತ್ತೆ. ಮತ್ತೆ ರಿವ್ಯೂ ಬ್ಲೈಂಡ್ ಅಂತೆ, ಅಂದ್ರೆ ಯಾರ ಕೆಲಸ ಅಂತ ಓದೋರಿಗೆ ಗೊತ್ತಾಗಬಾರದು, ಸಂಸ್ಥೆ ಹೆಸರು ಒಳಗೆ ಬರಬಾರದು ಅಂತ ಸಣ್ಣ ಅಕ್ಷರದಲ್ಲಿದೆ. ನನ್ನ ಡ್ರಾಫ್ಟಲ್ಲಿ ನಮ್ಮ ಸಂಸ್ಥೆಯ ತೋಟದಿಂದ ಮಣ್ಣು ತಗೊಂಡ್ವಿ ಅಂತ ಹೆಸರು ಸಮೇತ ಇತ್ತು. ಈಗ ತೆಗೆದೆ.

ಹಳೇಪಿಪೆಟ್
ಒಳ್ಳೇದಾಯ್ತು. ಆ ಒಂದು ಕಾರಣಕ್ಕೆ ಓದದೇ ವಾಪಸ್ ಹೋಗಿರೋ ಒಳ್ಳೊಳ್ಳೇ ಕೆಲಸ ನೋಡಿದೀನಿ. ಈಗ ಶೀರ್ಷಿಕೆ ಹೇಳಿ.

ಬೇರುಮಣ್ಣು
ಅಬ್‌ಸ್ಟ್ರಾಕ್ಟ್ ಬರೆದಿರೋದು ಇಂಗ್ಲಿಷಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳ್ತೀನಿ. "ಟೊಮೆಟೊ ಸೊರಗು ರೋಗದ ಜೈವಿಕ ನಿಯಂತ್ರಣಕ್ಕಾಗಿ ಬೇರುವಲಯದ ಬ್ಯಾಕ್ಟೀರಿಯಾಗಳ ಪ್ರತ್ಯೇಕಿಸುವಿಕೆ, ಪರಿಶೀಲನೆ ಮತ್ತು ಗುಣಲಕ್ಷಣ ನಿರ್ಧಾರ: ಒಂದು ಅಧ್ಯಯನ".

ಹಳೇಪಿಪೆಟ್
ಇದ್ರಲ್ಲಿ ಏನು ಮಾಡಿದ್ರಿ ಅಂತ ಇದೆ, ಏನು ಸಿಕ್ತು ಅಂತ ಇಲ್ಲ. ಪೋಸ್ಟರ್ ಸಾಲಲ್ಲಿ ನೂರಾರು ಹಾಳೆ ನೇತಾಡ್ತಿರುತ್ತೆ, ಜನ ನಡ್ಕೊಂಡು ಹೋಗ್ತಾ ಶೀರ್ಷಿಕೆ ಮಾತ್ರ ಓದ್ತಾರೆ. "ಒಂದು ಅಧ್ಯಯನ" ತೆಗೀರಿ, ಎಲ್ಲಾನೂ ಅಧ್ಯಯನಾನೇ. "ಸೊರಗು ರೋಗದ ಸಾಲಲ್ಲಿ ಉಳಿದ ಟೊಮೆಟೊ ಗಿಡಗಳ ಬೇರಲ್ಲಿ ಫ್ಯುಸೇರಿಯಂ ತಡೆಯುವ ಬ್ಯಾಕ್ಟೀರಿಯಾ ಹೆಚ್ಚು" ಅನ್ನೋ ಥರ ಮಾಡಿ.

ಅಂಕಿಜೋಳಿಗೆ
ಅದ್ರಲ್ಲಿ "ತಟ್ಟೆಯಲ್ಲಿ" ಅನ್ನೋ ಪದ ಎಲ್ಲಾದ್ರೂ ಬರ್ಲಿ ಸರ್. ತಟ್ಟೆಯಲ್ಲಿ ತಡೆಯೋದಕ್ಕೂ ಗಿಡದಲ್ಲಿ ತಡೆಯೋದಕ್ಕೂ ತುಂಬಾ ದೂರ.

ಬೇರುಮಣ್ಣು
ನಾಲ್ಕು ದಿನ ಆದ್ಮೇಲೆ ಬರ್ತಿದೀನಿ. ಗೈಡ್ ಒಪ್ಪಿದ್ರು. ಪೇಟೆಂಟ್ ಯೋಚನೆ ಇಲ್ಲ ಅಂದ್ರು, ಆದ್ರೂ ತಳಿಗಳ ಸಂಕೇತ ಸಂಖ್ಯೆ ಮಾತ್ರ ಕೊಡು ಅಂದ್ರು. ಅಕ್ಕನ ಹೆಸರು ಕೇಳಿದ ತಕ್ಷಣ "ಹೌದು, ಸೇರಿಸು" ಅಂದ್ರು, ಇಷ್ಟಕ್ಕೆ ನಾನು ಎರಡು ದಿನ ಹೆದರ್ಕೊಂಡಿದ್ದೆ. ಅಕ್ಕ ಡ್ರಾಫ್ಟ್ ಓದಿ ಒಂದು ತಪ್ಪು ಹಿಡಿದ್ರು, ಮಣ್ಣು ತಗೊಂಡಾಗ ಗಿಡಕ್ಕೆ ಎಂಟು ವಾರ, ನಾನು ಆರು ಅಂತ ಬರೆದಿದ್ದೆ. ಈಗ ಹೀಗಿದೆ:

"ಫ್ಯುಸೇರಿಯಂ ಸೊರಗು ರೋಗ ತಗುಲಿದ ಟೊಮೆಟೊ ಸಾಲುಗಳಲ್ಲಿ ಕೆಲವು ಗಿಡ ರೋಗಲಕ್ಷಣವಿಲ್ಲದೆ ಉಳಿಯುತ್ತವೆ. ಈ ಗಿಡಗಳ ಬೇರುವಲಯದ ಬ್ಯಾಕ್ಟೀರಿಯಾ ಇದಕ್ಕೆ ಕಾರಣವೇ ಎಂಬ ಪ್ರಶ್ನೆಯ ಮೊದಲ ಹಂತವಾಗಿ, ಒಂದೇ ಸಾಲಿನ 6 ಆರೋಗ್ಯವಂತ ಮತ್ತು 6 ಸೊರಗಿದ ಗಿಡಗಳಿಂದ (8 ವಾರ ವಯಸ್ಸು) 46 ಐಸೊಲೇಟ್ ಪಡೆದೆವು. ಪ್ರತಿಯೊಂದನ್ನೂ ಶಿಲೀಂಧ್ರದ ಎದುರು ಆಲೂಗಡ್ಡೆ ಡೆಕ್ಸ್ಟ್ರೋಸ್ ಅಗಾರ್ ಮೇಲೆ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಬೆಳೆಸಿ, ಬ್ಯಾಕ್ಟೀರಿಯಾ ಇಲ್ಲದ ತಟ್ಟೆಗೆ ಹೋಲಿಸಿ ಶಿಲೀಂಧ್ರ ಕಾಲೊನಿಯ ತ್ರಿಜ್ಯದ ಇಳಿಕೆ ಅಳೆದೆವು (2 ಸ್ವತಂತ್ರ ಪ್ರಯೋಗ, ಪ್ರತಿ ಸಲ 3 ತಟ್ಟೆ). ಶೇ 30ಕ್ಕಿಂತ ಹೆಚ್ಚು ಇಳಿಕೆಯನ್ನು ತಡೆ ಎಂದು ಪರಿಗಣಿಸಿದೆವು. ಆರೋಗ್ಯವಂತ ಗಿಡಗಳ 24 ಐಸೊಲೇಟ್‌ಗಳಲ್ಲಿ 8 (6ರಲ್ಲಿ 5 ಗಿಡಗಳಿಂದ), ಸೊರಗಿದ ಗಿಡಗಳ 22ರಲ್ಲಿ 1 ಶಿಲೀಂಧ್ರವನ್ನು ತಡೆದವು. ಮೂರು ಐಸೊಲೇಟ್ ಶೇ 68, 64 ಮತ್ತು 61ರಷ್ಟು ತಡೆದವು. ಆದ್ದರಿಂದ ಈ ಮೂರು ಪರಿಣಾಮಕಾರಿ ಜೈವಿಕ ನಿಯಂತ್ರಕಗಳು."

ವಾರ್ಡುರೌಂಡು
ಓದಿ ಖುಷಿಯಾಯ್ತು. ಹೊರಗಿನವಳಾದ ನನಗೂ ಒಂದೇ ಓದಲ್ಲಿ ಪೂರ್ತಿ ಅರ್ಥ ಆಯ್ತು.

ಅಂಕಿಜೋಳಿಗೆ
ಕೊನೇ ವಾಕ್ಯ ಒಂದು ಬಿಟ್ಟು ಉಳಿದಿದ್ದೆಲ್ಲಾ ನಿಂತಿದೆ. ಗಿಡಕ್ಕೆ ಹಾಕಿ ನೋಡೇ ಇಲ್ಲ, ನಿಯಂತ್ರಕ ಅಂತ ಹೇಗೆ ಹೇಳ್ತೀರ? ಮತ್ತೆ ಶೇ 30 ಅನ್ನೋ ಗೆರೆಯನ್ನ ಡೇಟಾ ನೋಡೋಕೆ ಮುಂಚೆ ಹಾಕಿದ್ರಾ, ಆಮೇಲೆ ಹಾಕಿದ್ರಾ? ಮುಂಚೆ ಆದ್ರೆ "ಮೊದಲೇ ನಿಗದಿಪಡಿಸಿದ" ಅಂತ ಒಂದು ಮಾತು ಸೇರಿಸಿ. ಗಿಡದ ಲೆಕ್ಕ ಎರಡೂ ಕಡೆ ಕೊಡಿ, ಒಂದು ಕಡೆ ಮಾತ್ರ ಕೊಟ್ರೆ ಓದೋರು ಇನ್ನೊಂದನ್ನ ಊಹಿಸ್ಕೋಬೇಕಾಗುತ್ತೆ.

ಬೇರುಮಣ್ಣು
ಮುಂಚೇನೇ, ಲ್ಯಾಬ್ ಪುಸ್ತಕದಲ್ಲಿ ಮೊದಲ ತಟ್ಟೆ ಹಾಕೋಕೆ ಹಿಂದಿನ ದಿನದ ಪುಟದಲ್ಲಿ ಬರೆದಿದೆ. ಎರಡೂ ಸೇರಿಸಿದೆ. ಕೊನೇ ವಾಕ್ಯ ಹೀಗೆ ಮಾಡಿದೀನಿ: "ಆರೋಗ್ಯವಂತ ಗಿಡಗಳ ಬೇರುವಲಯದಲ್ಲಿ, ತಟ್ಟೆಯಲ್ಲಿ ಶಿಲೀಂಧ್ರ ತಡೆಯುವ ಬ್ಯಾಕ್ಟೀರಿಯಾ ಹೆಚ್ಚು ಸಿಕ್ಕವು, ಇವು ಗಿಡದಲ್ಲಿ ರೋಗ ಕಡಿಮೆ ಮಾಡುತ್ತವೆಯೇ ಎಂದು ಇನ್ನೂ ಪರೀಕ್ಷಿಸಬೇಕಿದೆ."

ಹಳೇಪಿಪೆಟ್
ಕಳ್ಸಿ.

ಬೇರುಮಣ್ಣು
ಕಳ್ಸಿದೆ, ಕೊನೇ ದಿನಕ್ಕೆ ಎರಡು ದಿನ ಮುಂಚೆ. ಪ್ರಿವ್ಯೂನಲ್ಲಿ ಡಿಗ್ರಿ ಚಿಹ್ನೆ ನಿಜವಾಗ್ಲೂ ಪ್ರಶ್ನಾರ್ಥಕ ಆಗಿತ್ತು, ಪೋರ್ಟಲ್‌ನದೇ ಚಿಹ್ನೆ ಪಟ್ಟಿಯಿಂದ ಹಾಕಿ ಸರಿ ಮಾಡ್ದೆ. ಸಂಖ್ಯೆ ಸಮೇತ ದೃಢೀಕರಣದ ಮೇಲ್ ಬಂದಿದೆ ಸಾಲುದೀಪ ಅಕ್ಕ, ಪ್ರಿಂಟ್ ತೆಗೆದು ಲ್ಯಾಬ್ ಪುಸ್ತಕಕ್ಕೆ ಅಂಟಿಸಿದೀನಿ.

ಸಾಲುದೀಪ
ಅಬ್ಬಾ, ನನಗೇ ಕಳ್ಸಿದಷ್ಟು ಸಮಾಧಾನ ಆಯ್ತು.

ಬೇರುಮಣ್ಣು
ಎರಡು ತಿಂಗಳಾದ್ಮೇಲೆ ಈ ಚರ್ಚೆಗೆ ಮತ್ತೆ ಬರ್ತಿದೀನಿ, ಎಲ್ರಿಗೂ ತಿಳಿಸ್ಲೇಬೇಕು ಅನ್ನಿಸ್ತು. ಪೋಸ್ಟರ್ ಒಪ್ಕೊಂಡಿದಾರೆ. ಒಬ್ಬ ರಿವ್ಯೂವರ್ ಟಿಪ್ಪಣಿಯಲ್ಲಿ ಗಿಡದ ಲೆಕ್ಕ ಕೊಟ್ಟಿದ್ದು ಚೆನ್ನಾಗಿದೆ ಅಂತ ಬರೆದಿದಾರೆ.

ಕುಂಡದ ಪ್ರಯೋಗಾನೂ ಮುಗೀತು. ಮೂರರಲ್ಲಿ ಎರಡು ಗಿಡದಲ್ಲಿ ಏನೂ ಮಾಡ್ಲಿಲ್ಲ, ಬ್ಯಾಕ್ಟೀರಿಯಾ ಹಾಕದ ಗಿಡದಷ್ಟೇ ಸೊರಗಿದ್ವು. ಒಂದು ಮಾತ್ರ ರೋಗ ಸ್ಪಷ್ಟವಾಗಿ ಕಡಿಮೆ ಮಾಡ್ತು.

ಹಳೇಪಿಪೆಟ್
ಯಾವ್ದು, 68 ಇದ್ದಿದ್ದಾ?

ಬೇರುಮಣ್ಣು
ಅಲ್ಲ ಸರ್, 61 ಇದ್ದಿದ್ದು. ತಟ್ಟೇಲಿ ಮೂರನೇದಾಗಿದ್ದೇ ಗಿಡದಲ್ಲಿ ಮೊದಲನೇದು. ಪೋಸ್ಟರ್ ಮುಂದೆ ನಿಂತಾಗ ಎಲ್ರೂ ಇದನ್ನೇ ಕೇಳ್ತಾರೆ ಅಂತ ಅಕ್ಕ ಫೋನಲ್ಲಿ ಹೇಳಿದ್ರು, ಅದಕ್ಕೇ ಮೂರೂ ತಳಿ ಬೇರಿಗೆ ಎಷ್ಟು ಅಂಟ್ಕೊಂಡು ಉಳಿಯುತ್ತೆ ಅಂತ ಎಣಿಸೋ ಕೆಲಸ ನಿನ್ನೆ ಶುರು ಮಾಡಿದೀನಿ. ಬೇರು ತೊಳೆದು ಅರೆದು ತಟ್ಟೆಗೆ ಹರಡಿದೀನಿ, ನಾಳೆ ಬೆಳಿಗ್ಗೆ ಕಾಲೊನಿ ಎಣಿಸ್ಬೇಕು.